ಅಜ್ಜಿಗೆ ನಾನು ಹೇಳಿದ ನರಕ

ಆಗ ನನಗೆ ಹತ್ತೊಂಬತ್ತು. ಎಪ್ಪತ್ತರ ದಶಕ ಮುಗಿಯುತ್ತಿತ್ತು. ಚಿನ್ನದ ಗಣಿಯ ಊರು ಉರಿಗಾಂನಲ್ಲಿ, ಕಾರ್ಮಿಕರ ಲೈನ್ ಮನೆಯಲ್ಲಿ ನಮ್ಮ ಸಂಸಾರ. ಅಪ್ಪ ಗಣಿಗೆ ಇಳಿಯುತ್ತಿದ್ದ, ಹುಟ್ಟಿನಿಂದ ಕ್ರೈಸ್ತ. ಅಮ್ಮ ಬೂದಿಕೋಟೆ ಕಡೆಯ ಒಕ್ಕಲು ಮನೆಯವಳು, ಅಪ್ಪನನ್ನು ಮದುವೆಯಾಗುವಾಗ ದೀಕ್ಷಾಸ್ನಾನ ಪಡೆದವಳು. ನಾನು ಭಾನುವಾರಗಳಲ್ಲಿ ಚರ್ಚಿನ ಮಕ್ಕಳಿಗೆ ಪಾಠ ಹೇಳುತ್ತಿದ್ದೆ. ನನ್ನ ಪಾಠದಲ್ಲಿ ದೇವರ ಪ್ರೀತಿಗೆ ಐದು ನಿಮಿಷ, ನರಕಕ್ಕೆ ಅರ್ಧ ಗಂಟೆ. ಮಕ್ಕಳು ಅತ್ತರೆ ಪಾಠ ಒಳಗಿಳಿಯಿತು ಎಂದು ಖುಷಿಪಡುತ್ತಿದ್ದೆ.

ಆ ವರ್ಷ ತಾತ ತೀರಿಹೋದ. ಎರಡು ತಿಂಗಳಾದ ಮೇಲೆ ಅಜ್ಜಿ, ಎಂದರೆ ಅಮ್ಮನ ತಾಯಿ, ಹೊಲ ಹಸು ಎಲ್ಲ ಸೋದರಮಾವನಿಗೆ ಒಪ್ಪಿಸಿ ನಮ್ಮಲ್ಲಿ ಕೆಲವು ದಿನ ಇರಲು ಬಂದಳು. ಒಂದು ಮಧ್ಯಾಹ್ನ ಬಾಗಿಲಲ್ಲಿ ಅವರೆಕಾಯಿ ಬಿಡಿಸುತ್ತಾ ಕೂತಿದ್ದವಳು ನನ್ನ ಕೈಯಲ್ಲಿದ್ದ ಬೈಬಲ್ ನೋಡಿ ಕೇಳಿದಳು.

"ನಿಮ್ ಪುಸ್ತಕದಾಗೆ ನೋಡಿ ಏಳಮ್ಮ. ನಿಮ್ ತಾತ ಈಗ ಎಲ್ಲವ್ರೆ?"

ಗೊತ್ತಿಲ್ಲ ಎನ್ನಬಹುದಿತ್ತು. ಅನ್ನಲಿಲ್ಲ.

"ಬೆಂಕೀಲಿ."

"ಎಷ್ಟು ದಿನ?"

"ದಿನದ ಲೆಕ್ಕ ಇಲ್ಲಜ್ಜಿ. ಅದು ಮುಗಿಯೋದೇ ಇಲ್ಲ."

ಅವಳ ಕೈ ನಿಂತಿತು. "ಅಂತಾದ್ದು ಏನ್ ಮಾಡಿದ್ರು ಅವ್ರು?"

"ಯೇಸುನ ನಂಬಲಿಲ್ಲ. ಹೋದ ಸಂಕ್ರಾಂತೀಲಿ ನಾನೇ ಹೇಳಿದ್ದೆ. ನಕ್ಕು, ಕಬ್ಬು ಮುರಿದು ಕೈಗೆ ಕೊಟ್ಟ."

ಅಜ್ಜಿ ಮತ್ತೆ ಕಾಯಿ ಬಿಡಿಸತೊಡಗಿದಳು. ಸೋತಳು ಅಂದುಕೊಂಡೆ.

ಮಾರನೆಯ ದಿನದಿಂದ ಅವಳು ಬಿಸಿಲೇರಿದ ಹೊತ್ತಿಗೆ ಒಂದು ಚೊಂಬು ನೀರು ತೆಗೆದುಕೊಂಡು ಹೋಗಿ ಬೇಲಿಯ ಪಕ್ಕ ನೆಲಕ್ಕೆ ಹೊಯ್ಯುವುದು ಕಂಡಿತು. ನಮ್ಮ ಸಾಲಿನ ಕೊಳಾಯಿಯಲ್ಲಿ ನೀರು ಬರುತ್ತಿದ್ದದ್ದು ದಿನಕ್ಕೊಮ್ಮೆ. ಯಾಕೆ ಚೆಲ್ಲುತ್ತೀಯ ಎಂದು ರೇಗಿದೆ.

"ನನ್ ಸ್ನಾನದ ಪಾಲಿನ ನೀರೇ ಕಣಮ್ಮ. ಅವ್ರು ಉರಿ ತಡೀತಿರಲಿಲ್ಲ. ಜ್ವರ ಬಂದ್ರೇನೇ ಕೂಗಾಡೋರು."

ನಾನು ಚೊಂಬನ್ನು ಕಾಲಿನಿಂದ ಒದ್ದೆ. ಅದು ಉರುಳಿ ಚರಂಡಿಗೆ ಬಿತ್ತು. "ಅಲ್ಲಿ ಒಂದು ಹನಿಯೂ ತಲುಪಲ್ಲ. ಹಾಗಂತ ಬರೆದಿದೆ," ಎಂದೆ. ಒಳಗಿನಿಂದ ಬಂದ ಅಮ್ಮ ಚೊಂಬು ಎತ್ತಿಕೊಂಡು, ತೊಳೆದು, ಒಳಗೆ ಹೋದಳು. ಅಜ್ಜಿ ಮರುದಿನವೇ ಊರಿಗೆ ಹೊರಟಳು.

ಬಂಗಾರಪೇಟೆಯಲ್ಲಿ ಬಸ್ಸು ಹತ್ತಿಸಿ ಬಾ ಎಂದು ಅಮ್ಮ ನನ್ನನ್ನೇ ಕಳಿಸಿದಳು. ರೈಲಿನಲ್ಲಿ ಅಜ್ಜಿಯನ್ನು ಕರೆದುಕೊಂಡು ಹೋದೆ. ಬಂಗಾರಪೇಟೆ ಬಸ್ ಸ್ಟ್ಯಾಂಡಿನಲ್ಲಿ ಬೂದಿಕೋಟೆ ಬಸ್ಸಿಗೆ ಕಾಯುವಾಗ ಕೇಳಿದಳು.

"ನಾನು ನಿಮ್ ದೇವ್ರನ್ನ ನಂಬಿ ಮೇಲಕ್ಕೋದ್ರೆ, ಅಲ್ಲಿಂದ ಅವ್ರು ಕಾಣ್ತಾರಾ?"

"ಕಾಣ್ತಾರಂತೆ."

"ಆಗ ನಾನು ಅಳಬೌದಾ?"

"ಅಲ್ಲಿ ಅಳು ಇಲ್ಲ. ದೇವರ ನ್ಯಾಯ ನೋಡಿ ಎಲ್ಲರೂ ಸಂತೋಷವಾಗೇ ಇರ್ತಾರೆ." ಪಾಸ್ಟರ್ ಹೇಳಿದ್ದನ್ನೇ ಹೇಳಿದೆ.

"ನಂಬದೆ ಸತ್ತೆ ಅನ್ನು. ನಾನು ಬೇಯ್ತಿರ್ತೀನಿ, ನೀನು ಮೇಲಿಂದ ನೋಡ್ತಿರ್ತೀಯ. ನಿಂಗೂ ಸಂತೋಸಾನಾ?"

ಬಸ್ಸು ಬಂದು ನಿಂತಿತ್ತು. ಜನ ನುಗ್ಗುತ್ತಿದ್ದರು. ನಾನು ಹೌದು ಎಂದೆ.

ಅಜ್ಜಿ ಸಿಟ್ಟಾಗಲಿಲ್ಲ. ಹುಷಾರಿಲ್ಲದ ಮಗುವನ್ನು ನೋಡುವ ಹಾಗೆ ನನ್ನ ಮುಖ ನೋಡಿದಳು. "ಅಂಗಾದ್ರೆ ಅಲ್ಲಿ ನಿಂಗೆ ಏನೋ ಮಾಡ್ಬುಡ್ತಾರೆ ಮಗಾ. ನೀನು ಉಟ್ಟಾಗ ಇಂಗಿರಲಿಲ್ಲ." ಅಷ್ಟು ಹೇಳಿ ಗಂಟು ಎತ್ತಿಕೊಂಡು ಬಸ್ಸು ಹತ್ತಿದಳು.

ನಾಲ್ಕು ತಿಂಗಳಿಗೆ ಅವಳು ಸತ್ತಳು. ಕಾಯಿಲೆಯ ಸುದ್ದಿ ಬಂದಾಗಲೇ ಅಮ್ಮ ಒಬ್ಬಳೇ ಹೋಗಿದ್ದಳು. ಸತ್ತ ಮೇಲೆ ಹೋಗಿ ಏನು ಮಾಡುವುದು ಎಂದು ನಾನು ಮನೆಯಲ್ಲೇ ಉಳಿದೆ. ಆ ಭಾನುವಾರ ಪಾಠದಲ್ಲಿ ಅವಳನ್ನೇ ಉದಾಹರಣೆ ಮಾಡಿದೆ. ಮಕ್ಕಳು ಚೆನ್ನಾಗಿ ಅತ್ತರು.

ಮದುವೆಯಾಗಿ ಬಂಗಾರಪೇಟೆಗೆ ಬಂದೆ. ಮಗಳು ಹುಟ್ಟಿದಳು. ಅವಳಿಗೆ ಆರು ವರ್ಷವಿದ್ದಾಗ ಸುಳ್ಳು ಹೇಳಿದಳೆಂದು ಬಿಸಿಲಲ್ಲಿ ಹೊರಗೆ ನಿಲ್ಲಿಸಿ ಅಗುಳಿ ಹಾಕಿದೆ. ತಪ್ಪಾಯ್ತು ಎನ್ನುವವರೆಗೆ ತೆಗೆಯಬಾರದೆಂದು ಹಟ. ಅವಳೂ ಹಟಮಾರಿ, ಅನ್ನಲಿಲ್ಲ. ಅಳು ಮಾತ್ರ ಕೇಳುತ್ತಿತ್ತು. ಕಾಲು ಗಂಟೆ ತಡೆದುಕೊಂಡೆ. ಆಮೇಲೆ ಬಾಗಿಲು ತೆಗೆದದ್ದು ನಾನೇ. ಸುಟ್ಟ ಪಾದ ತೊಳೆಯುತ್ತಿದ್ದಾಗ ಬಸ್ ಸ್ಟ್ಯಾಂಡಿನಲ್ಲಿ ನಾನು ಅಂದ 'ಹೌದು' ಕಿವಿಯಲ್ಲಿ ಕೇಳಿಸಿತು.

ವಯಸ್ಸಾಗಿದ್ದ ಪಾಸ್ಟರನ್ನು ಹುಡುಕಿಕೊಂಡು ಉರಿಗಾಂಗೆ ಹೋದೆ.

"ಅಯ್ಯಾ, ತಿದ್ದೋದಕ್ಕೆ ಶಿಕ್ಷೆ ಕೊಡ್ತೀವಿ. ಕೊನೆಯೇ ಇಲ್ಲದ ಶಿಕ್ಷೆಯಿಂದ ಯಾರು ತಿದ್ದಿಕೊಳ್ತಾರೆ? ಅದನ್ನ ಪ್ರೀತಿ ಅಂತ ಹೇಗೆ ಕರೆಯೋದು?"

ಅವರು ಕೆಟ್ಟವರಲ್ಲ. ಕಾಫಿ ತರಿಸಿಕೊಟ್ಟರು. ಮನುಷ್ಯರೇ ದೇವರಿಗೆ ಬೆನ್ನು ತಿರುಗಿಸಿ ಹೋಗುತ್ತಾರೆ, ಆತನು ಯಾರನ್ನೂ ತಳ್ಳುವುದಿಲ್ಲ ಎಂದರು. ತಾತ ಯಾರಿಗೂ ಬೆನ್ನು ತಿರುಗಿಸಲಿಲ್ಲವಲ್ಲ ಎಂದೆ. ಅವರು ಕನ್ನಡಕ ಒರೆಸಿಕೊಂಡರು. "ದೇವರಿಗಿಂತ ನಿನಗೆ ಕರುಣೆ ಜಾಸ್ತಿಯೇನಮ್ಮ?" ಎಂದರು.

ಚೊಂಬು ಒದ್ದವಳು ನಾನು. ನನಗೆ ಜಾಸ್ತಿ ಹೇಗಿದ್ದೀತು? ಆದರೆ ಆ ಚೊಂಬು ತುಂಬಿಸಿಕೊಂಡು ಹೋದವಳಿಗಿಂತ ದೇವರಿಗೆ ಕಡಿಮೆ ಇದ್ದರೆ ಅವನನ್ನು ಕಟ್ಟಿಕೊಂಡು ಏನು ಮಾಡಲಿ? ಇದನ್ನು ಅವರಿಗೆ ಹೇಳಲಿಲ್ಲ. ಕಾಫಿ ಕುಡಿದು ಎದ್ದುಬಂದೆ. ಚರ್ಚು ಬಿಡಲಿಲ್ಲ, ಮಕ್ಕಳಿಗೆ ಪಾಠ ಹೇಳುವುದನ್ನು ಮಾತ್ರ ಬಿಟ್ಟೆ.

ತೊಂಬತ್ತರ ದಶಕದಲ್ಲಿ ಅಮ್ಮ ಹಾಸಿಗೆ ಹಿಡಿದಳು. ಉಸಿರು ಸಾಲದೆ ದಿಂಬಿಗೆ ಒರಗಿ ಕೂತಿರುತ್ತಿದ್ದಳು. ಒಂದು ಬೆಳಗ್ಗೆ ಅವಳ ತಲೆ ಬಾಚುತ್ತಾ, ಎಷ್ಟೋ ವರ್ಷದಿಂದ ಕೂಡಿಟ್ಟುಕೊಂಡಿದ್ದ ಮಾತು ಹೇಳಿದೆ.

"ಅಮ್ಮಾ, ಅಜ್ಜಿ ದೇವರ ಹತ್ರಾನೇ ಇದ್ದಾಳೆ. ನೀನು ಹೋದ್ರೆ ಸಿಗ್ತಾಳೆ. ನಾನು ಅವತ್ತು ಹೇಳಿದ್ದು ತಪ್ಪು."

ಅಮ್ಮ ತಲೆಯನ್ನು ನನ್ನ ಕೈಯಿಂದ ಬಿಡಿಸಿಕೊಂಡಳು.

"ನಂಗ್ಯಾಕೆ ಏಳ್ತೀಯ? ಅವಳ್ಗೆ ಏಳ್ಬೇಕಾಗಿತ್ತು. ಸಾಯೋವಾಗ ನನ್ ಕೈ ಇಡ್ಕೊಂಡು ಏನ್ ಕೇಳಿದ್ಳು ಗೊತ್ತಾ? ಬೆಂಕಿ ಕಾಲಿಂದ ಅತ್ತುತ್ತಾ, ತಲೆಯಿಂದ ಅತ್ತುತ್ತಾ ಅಂತ."

"ನೀನು ಏನಂದೆ?" ಎಂದು ಕೇಳಿದೆ.

"ನಂಗೂ ನೀವೆಲ್ಲ ಅದನ್ನೇ ಅಲ್ವಾ ಕಲ್ಸಿದ್ದು. ಸುಮ್ನಿದ್ದೆ."

ಆಮೇಲೆ ಅವಳು ಹನ್ನೊಂದು ದಿನ ಬದುಕಿದ್ದಳು. ಔಷಧಿ, ನೀರು, ಗಂಜಿ ಎಲ್ಲವನ್ನೂ ನನ್ನ ಮಗಳ ಕೈಯಿಂದಲೇ ತೆಗೆದುಕೊಂಡಳು.