ಬಲಪಟ್ಟಿಯ ಕಾಜಾ

ನಮ್ಮ ಚಿಕ್ಕಮ್ಮನನ್ನು ಬೀದಿಯವರೆಲ್ಲ ಕಾಜಾ ಅಕ್ಕ ಎನ್ನುತ್ತಾರೆ. ಟೈಲರ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಅಂಗಿಗಳಿಗೆ ಕಾಜಾ, ಅಂದರೆ ಗುಂಡಿ ತೂರಿಸುವ ತೂತು, ಹಾಕುವುದು, ಗುಂಡಿ ಹಚ್ಚುವುದು ಅವಳ ಕೆಲಸ. ಮೂಗಿನ ತುದಿಗೆ ಜಾರಿದ ಕನ್ನಡಕ, ತುಟಿಗಳ ನಡುವೆ ಸೂಜಿ. ಮಾತಾಡಬೇಕಾದರೆ ಮೊದಲು ಸೂಜಿ ತೆಗೆಯಬೇಕು, ಆ ತಾಪತ್ರಯಕ್ಕೇ ಅವಳು ಮಾತು ಕಡಿಮೆ ಮಾಡಿದ್ದಾಳೆ ಎಂದು ನಾವು ಗೇಲಿ ಮಾಡುತ್ತಿದ್ದೆವು. ನನ್ನ ಬಾಯಲ್ಲಿ ಸೂಜಿ ನಿಲ್ಲುವುದಿಲ್ಲ. ಅದಕ್ಕೇ ಇದನ್ನು ಅವಳು ಹೇಳುತ್ತಿಲ್ಲ, ನಾನು ಹೇಳುತ್ತಿದ್ದೇನೆ.

ಅಂಗಡಿಗೆ ವಾರದ ರಜೆ ಇದ್ದ ದಿನ ಮಧ್ಯಾಹ್ನ ಅದೇ ಕೋಣೆಯಲ್ಲಿ ನಾವು ಹೆಂಗಸರು ಕೌದಿ ಹೊಲಿಯಲು ಸೇರುತ್ತಿದ್ದೆವು. ಚಿಕ್ಕಮ್ಮ, ಅವಳ ಸೊಸೆ, ಔಷಧಿ ಅಂಗಡಿಯಾಕೆ, ನಾನು, ಮತ್ತೆ ಟೀಚರ್. ಕಟಿಂಗ್ ಮೇಜನ್ನು ಗೋಡೆಗೆ ಸರಿಸಿ ನೆಲದ ಮೇಲೆ ಹಳೆಯ ಸೀರೆ ಹಾಸುವುದು, ಅದರ ಮೇಲೆ ಯಾವುದಕ್ಕೂ ಬಾರದ ಹರಕು ಬಟ್ಟೆಗಳ ಒಳಪದರ, ಅದರ ಮೇಲೆ ಅಂದದ ತುಂಡುಗಳು. ಟೀಚರ್ ಶಾಲೆಯಿಂದ ನಿವೃತ್ತರಾದವರು. ಅವರೂ ಹೊಲಿಯಲೆಂದೇ ಬಂದರು. ಅವರ ಟಾಕು ನೋಡಿದ ಚಿಕ್ಕಮ್ಮ ಸೂಜಿ ಕಿತ್ತುಕೊಂಡು, "ನಿನ್ನ ಕೈಲಿ ಬಟ್ಟೆ ಅಳುತ್ತೆ. ನೀನು ಸುಮ್ನೆ ಕೂತು ಪುಸ್ತಕ ಓದು" ಅಂದಳು. ನಾವೆಲ್ಲ ಟೀಚರಿಗೆ ನೀವು ಎನ್ನುತ್ತಿದ್ದೆವು. ನೀನು ಎನ್ನುವ ಸಲುಗೆ ಇದ್ದದ್ದು ಚಿಕ್ಕಮ್ಮನಿಗೆ ಮಾತ್ರ.

ಹಾಗೆ ಟೀಚರ್ ಓದುವವರಾದರು. ಲೈಬ್ರರಿಯಿಂದ ಕಾದಂಬರಿ ತರುತ್ತಿದ್ದರು, ಅದರಲ್ಲೂ ಹೊಲಿಗೆಗೆ ಸೇರುವ ಹೆಂಗಸರ ಗೆಳೆತನದ ಕಾದಂಬರಿಯೆಂದರೆ ನಮಗೆ ಪ್ರಾಣ. ಅಂಥ ಪುಸ್ತಕಗಳಲ್ಲಿ ಒಂದೇ ಮಧ್ಯಾಹ್ನಕ್ಕೆ ಕೌದಿಯೂ ಮುಗಿಯುತ್ತಿತ್ತು, ಜಗಳವೂ ಮುಗಿಯುತ್ತಿತ್ತು. "ಇವ್ರಲ್ಲಿ ಒಬ್ಬಳೂ ಬೆರಳು ಚುಚ್ಕೊಳಲ್ವಾ?" ಎಂದು ಔಷಧಿ ಅಂಗಡಿಯಾಕೆ ರೇಗುತ್ತಿದ್ದಳು. ನಗುವಿನ ನಡುವೆ ಯಾರೋ ತಮ್ಮ ಮನೆಯ ಮಾತು ತೆಗೆಯುತ್ತಿದ್ದರು. ಮಾತು ಮುಗಿದ ಮೇಲೆ ಚಿಕ್ಕಮ್ಮ ಕೌದಿಯ ಒಳಪದರವನ್ನು ಅಂಗೈಯಿಂದ ತಟ್ಟಿ, "ಒಳಗೆ ಹಾಕ್ದೆ" ಎನ್ನುತ್ತಿದ್ದಳು. ಹಾಗಂದರೆ ಆ ಮಾತು ಇನ್ನು ಮೇಲೆ ಬರುವುದಿಲ್ಲ ಎಂದು ಅರ್ಥ. ನನ್ನ ಗಂಡನ ಕುಡಿತದಿಂದ ಹಿಡಿದು ಎಷ್ಟೋ ಸಂಗತಿ ಹಾಗೆ ಒಳಗೆ ಹೋಗಿದೆ, ಇವತ್ತಿಗೂ ಹೊರಬಂದಿಲ್ಲ.

ಇನ್ನು ಅಂಗಿಯ ವಿಷಯ. ಚಿಕ್ಕಮ್ಮನಿಗೆ ಒಬ್ಬನೇ ಮಗ, ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಅವನ ಮದುವೆಗೆ ಅವಳು ಕೊಟ್ಟ ಕೌದಿಯ ನಟ್ಟನಡುವೆ ಅವನು ಎರಡು ವರ್ಷದವನಿದ್ದಾಗ ತೊಟ್ಟ ನೀಲಿ ಅಂಗಿಯ ಎದೆಭಾಗವಿದೆ. ಗಂಡಸರ ಅಂಗಿಗೆ ಕಾಜಾ ಎಡಪಟ್ಟಿಯಲ್ಲಿ ಇರಬೇಕು, ಹೆಂಗಸರದಕ್ಕೆ ಬಲಪಟ್ಟಿಯಲ್ಲಿ. ಇದರಲ್ಲಿ ಬಲಕ್ಕಿದೆ. ನಿದ್ದೆಯಲ್ಲೂ ತಪ್ಪದ ಕೈ ಅದೊಂದು ಸಲ ತಪ್ಪಿತ್ತು. ಆಗ ಅವಳಿಗೆ ಎದೆಯ ಕಾಯಿಲೆ ಶುರುವಾಗಿತ್ತು, ಜ್ವರದಲ್ಲಿ ಹೊಲಿದಳು, ಮರುದಿನವೇ ದೂರದ ಆಸ್ಪತ್ರೆಗೆ ಸೇರಿಸಿದರು, ತಿಂಗಳುಗಟ್ಟಲೆ ಇದ್ದು ಬದುಕಿ ಬಂದಳು ಎಂಬುದು ಮನೆಯ ಕಥೆ. ಮಗನಿಗೆ ಆ ಅಂಗಿಯೆಂದರೆ ಹೆಮ್ಮೆ. "ಜ್ವರ ಬಂತು ಅಂತ ನನ್ನನ್ನೇ ಹುಡುಗಿ ಮಾಡ್ಬಿಟ್ಟಿದ್ಯಲ್ಲಮ್ಮ ನೀನು" ಎಂದು ಬಂದವರ ಮುಂದೆಲ್ಲ ಛೇಡಿಸುತ್ತಿದ್ದ. ನಮ್ಮ ಕೋಣೆಯಲ್ಲೂ ಅದು ಹಳೇ ನಗೆಮಾತು.

ಟೀಚರ್ ತಾವೇ ಒಂದು ಕಾದಂಬರಿ ಬರೆದಿದ್ದಾರೆಂದು ಗೊತ್ತಾದಾಗ ನಮಗೆ ಹಿಗ್ಗೋ ಹಿಗ್ಗು. ಕೌದಿ ಹೊಲಿಯುವ ಹೆಂಗಸರ ಗೆಳೆತನದ್ದೇ ಕಥೆ. ಲೈಬ್ರರಿಯ ಹಾಲಿನಲ್ಲಿ ಬಿಡುಗಡೆಯಾಯಿತು. ಟೀಚರ್ ಮೈಕಿನ ಮುಂದೆ, "ಇದರಲ್ಲಿ ಒಂದಕ್ಷರವೂ ನಾನು ಕಟ್ಟಿದ್ದಲ್ಲ, ಎಲ್ಲ ಬದುಕಿನಿಂದಲೇ ಬಂದದ್ದು" ಅಂದರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ನಮ್ಮ ಚಿಕ್ಕಮ್ಮ.

ಆ ವಾರದ ರಜೆಯಲ್ಲಿ ಟೀಚರ್ ಪುಸ್ತಕ ತಂದು, "ಎಲ್ಲರೂ ಇದೊಂದು ಅಧ್ಯಾಯ ಹೊಗಳ್ತಿದಾರೆ, ಕೇಳಿ" ಎಂದು ಓದತೊಡಗಿದರು. ಬೇಕರಿಯಲ್ಲಿ ಕೆಲಸ ಮಾಡುವ ಒಬ್ಬ ಎತ್ತರದ ಹೆಂಗಸು. ಗಂಡನನ್ನೂ ಪುಟ್ಟ ಮಗನನ್ನೂ ಬಿಟ್ಟು ಹೊರಟಿದ್ದಾಳೆ. ಹೊರಡುವ ಮುಂಚೆ ಅಳುತ್ತಾ ಮಗುವಿಗೊಂದು ಅಂಗಿ ಹೊಲಿಯುತ್ತಾಳೆ. ಕಣ್ಣು ಮಂಜಾಗಿ ಕಾಜಾವನ್ನು ಬಲಪಟ್ಟಿಗೆ ಹಾಕಿಬಿಡುತ್ತಾಳೆ. ಬಸ್ ನಿಲ್ದಾಣದಲ್ಲಿ ಅವಳಿಗಾಗಿ ಒಬ್ಬ ಗಂಡಸು ಕಾದಿರುತ್ತಾನೆ. ಅವಳು ವಾಪಸು ಬಂದಾಗ ಮನೆಯವರು ಆಸ್ಪತ್ರೆಯ ಕಥೆ ಹುಟ್ಟಿಸಿರುತ್ತಾರೆ.

ನಾನು ಚಿಕ್ಕಮ್ಮನ ಮುಖ ನೋಡಿದೆ. ಸೂಜಿ ತುಟಿಯ ನಡುವೆಯೇ ಇತ್ತು. ಸೊಸೆ ಹಿಡಿದಿದ್ದ ಟಾಕು ಮುಗಿಸಿ, ಗಂಟು ಹಾಕಿ, ದಾರ ಕಡಿದು, ಯಾರಿಗೂ ಏನೂ ಹೇಳದೆ ಚಪ್ಪಲಿ ಮೆಟ್ಟಿಕೊಂಡು ಹೋದಳು. ಆ ನೀಲಿ ಅಂಗಿಯ ಕೌದಿ ಅವಳು ದಿನಾ ಹೊದೆಯುವಂಥದ್ದು. ಹೆಸರು ಬದಲಾದರೇನು, ಕಸುಬು ಬದಲಾದರೇನು, ಹೊಲಿಯುವವರಿಗೆ ಕಾಜಾ ಸಾಕು.

ಮನೆಗೆ ನಡೆಯುವಾಗ ನಾನು ನೇರ ಕೇಳಿದೆ. ಚಿಕ್ಕಮ್ಮ ಸುತ್ತಿಬಳಸಲಿಲ್ಲ. "ಹೋಗಿದ್ದು ನಿಜ. ಯಾರ ಜೊತೆಗೂ ಅಲ್ಲ. ಸಾಕಾಗಿತ್ತು ಕಣೇ, ಅಷ್ಟೇ. ಯಾರೂ ಹೊಡೀತಿರ್ಲಿಲ್ಲ, ಬೈತಿರ್ಲಿಲ್ಲ. ಬೆಳಿಗ್ಗೆ ಏಳೋಕಾಗ್ತಿರ್ಲಿಲ್ಲ. ಬಟ್ಟೆ ಫ್ಯಾಕ್ಟರಿ ಸೇರ್ಕೊಂಡು ಹಾಸ್ಟೆಲಲ್ಲಿದ್ದೆ. ಅಲ್ಲಿ ಯಾವ ಚಿಕ್ಕ ಅಂಗಿ ಕೈಗೆ ಬಂದ್ರೂ ಇವನದೇ ಅನ್ಸೋದು. ವಾಪಸ್ ಬಂದೆ. ಆಸ್ಪತ್ರೆ ಅಂತ ಹೇಳಿ ನನ್ನ ಮಾನ ಉಳಿಸಿದ್ದು ನಿಮ್ಮ ಚಿಕ್ಕಪ್ಪಾನೇ." ಚಿಕ್ಕಪ್ಪ ತೀರಿಕೊಂಡು ಎಷ್ಟೋ ಕಾಲವಾಯಿತು, ಅವರ ತಾಯಿಯೂ ಇಲ್ಲ. ಇದು ಗೊತ್ತಿದ್ದ ಇನ್ನೊಂದು ಜೀವ ಎಂದರೆ ಟೀಚರ್ ಮಾತ್ರ. ಒಂದು ದಿನ ನಾವೆಲ್ಲ ಎದ್ದುಹೋದ ಮೇಲೆ ಅವಳು ಹೇಳಿಕೊಂಡಿದ್ದಳು. ಟೀಚರೇ ಕೌದಿ ತಟ್ಟಿ, "ಒಳಗೆ ಹಾಕ್ದೆ" ಅಂದಿದ್ದರಂತೆ. ಕೇಳಿ ನನ್ನ ಮೈ ಉರಿದುಹೋಯಿತು.

ಸಂಜೆ ಮಗ ತನ್ನ ಮನೆಯಿಂದ ಚಿಕ್ಕಮ್ಮನ ಮನೆಗೆ ಬಂದ. ಬಗಲಲ್ಲಿ ಮಡಚಿದ ಕೌದಿ. ಡಿಪೋದ ಗ್ರೀಸ್ ಇನ್ನೂ ಉಗುರಲ್ಲಿತ್ತು.

"ಅಮ್ಮ, ಅಂಗಿ ವಿಷ್ಯ ನಿಜಾನಾ?"

"ನಿಜ."

"ಬಿಟ್ಟು ಹೋಗಿದ್ದು?"

"ನಿಜ ಕಣೋ. ಹೋದೆ. ಇರೋಕಾಗ್ಲಿಲ್ಲ, ಬಂದೆ."

"ಅವನ್ಯಾರು?"

"ಅವನು ಅಂತ ಯಾರೂ ಇಲ್ಲಪ್ಪ. ಅದು ಟೀಚರ್ ಕಟ್ಟಿದ್ದು."

ಅವನು ಕೂಗಾಡಿದ್ದರೆ ನಾನೂ ಕೂಗಬಹುದಿತ್ತು. ಮೆಲ್ಲಗೇ ಕೇಳಿದ: "ಅಂಗಿ ಕಟ್ಟಿದ್ದಲ್ಲ. ಹೋಗಿದ್ದು ಕಟ್ಟಿದ್ದಲ್ಲ. ಅವನೊಬ್ಬ ಮಾತ್ರ ಕಟ್ಟಿದ್ದಾ? ಇಷ್ಟು ವರ್ಷ ಆಸ್ಪತ್ರೆ ಅಂದ್ಯಲ್ಲಮ್ಮ ನೀನು." ಕೌದಿಯನ್ನು ಮಂಚದ ಮೇಲಿಟ್ಟು ಹೊರಟುಹೋದ.

ಮರುದಿನ ನಾನೂ ಚಿಕ್ಕಮ್ಮನೂ ಟೀಚರ ಮನೆಗೆ ಹೋದೆವು. ಕಾಫಿ ಕುಡಿಯುತ್ತಿದ್ದರು. ಮೇಜಿನ ಮೇಲೆ ಪುಸ್ತಕದ ಪ್ರತಿಗಳು. ಚಿಕ್ಕಮ್ಮ ಬೈಯಲಿಲ್ಲ. "ಬರೆದಿದ್ದು ಬರೆದೆ, ಹೋಗ್ಲಿ. ಆ ಗಂಡಸನ್ನ ಯಾಕೆ ತಂದೆ?" ಎಂದು ಕೇಳಿದಳು.

"ಬರೀ ಸುಸ್ತಾಗಿ ಒಬ್ಬಳು ತಾಯಿ ಮಗು ಬಿಟ್ಟು ಹೋದ್ಲು ಅಂದ್ರೆ ಓದೋರು ಒಪ್ತಾರೇನೇ? ಕಾರಣ ಬೇಕು. ಎಲ್ಲ ಬದಲಾಯಿಸಿದೀನಿ. ಆ ಕಾಜಾ ಒಂದನ್ನ ಬಿಡೋಕೆ ಮನಸ್ಸು ಬರ್ಲಿಲ್ಲ, ಅಷ್ಟು ಚೆನ್ನಾಗಿತ್ತು."

"ಸರಿ. ನನ್ನ ಮಗನ ಹತ್ರ ಬಂದು ಒಂದೇ ಮಾತು ಹೇಳು. ಆ ಗಂಡಸನ್ನ ನೀನು ಕಟ್ಟಿದ್ದು ಅಂತ. ನೀನು ಹೇಳಿದ್ರೆ ನಂಬ್ತಾನೆ. ಬೇರೆ ಯಾರಿದಾರೆ ನನ್ನ ಪರ ಹೇಳೋಕೆ?"

ಟೀಚರ್ ಕನ್ನಡಕ ಒರೆಸಿದರು. ಹಾಕಿಕೊಂಡರು. ಮತ್ತೆ ತೆಗೆದು ಒರೆಸಿದರು. "ಹಾಲ್ ತುಂಬ ಜನರ ಮುಂದೆ ಒಂದಕ್ಷರವೂ ಕಟ್ಟಿಲ್ಲ ಅಂದಿದೀನಿ. ಈಗ ಅದು ಕಟ್ಟಿದ್ದು ಅಂತ ನಿನ್ನ ಸೊಸೆಗೆ ಗೊತ್ತಾದ್ರೆ ಬೀದಿಗೆಲ್ಲ ಗೊತ್ತಾಗುತ್ತೆ. ನಾನು ಹೇಗೆ ಮುಖ ತೋರಿಸ್ಲಿ? ನಿನ್ನ ಮಗ ತಾನೇ, ಇವತ್ತಲ್ಲ ನಾಳೆ ಸರಿಹೋಗ್ತಾನೆ ಬಿಡು."

ನಾನು ತಡೆಯಲಿಲ್ಲ. "ಗೆಳತಿಯ ಬಾಳು ಮಾರ್ಕೊಂಡು ನಿಮಗೆ ಮುಖ ಉಳಿಸ್ಕೊಳ್ಳೋ ಚಿಂತೆಯಾ?" ಅಂದೆ. ಇನ್ನೂ ಏನೇನೋ ಅಂದೆ, ಅದನ್ನೆಲ್ಲ ಇಲ್ಲಿ ಹೇಳಲಾಗದು. ಚಿಕ್ಕಮ್ಮ ನನ್ನ ಕೈ ಹಿಡಿದು ಎಬ್ಬಿಸಿದಳು. "ಬಾರೇ ಹೋಗೋಣ" ಅಂದವಳು ಬಾಗಿಲಲ್ಲಿ ತಿರುಗಿ, "ನಿಮ್ಮ ಕಾಫಿ ಆರ್ತಾ ಇದೆ ಟೀಚರ್, ಕುಡೀರಿ ನೀವು" ಎಂದಳು. ಆ ಬಹುವಚನ ಕೇಳಿ ಟೀಚರ ಮುಖ ಕಪ್ಪಿಟ್ಟಿತು. ನನಗೆ ಒಳಗೊಳಗೇ ಖುಷಿಯಾಯಿತು. ಕಪಾಳಕ್ಕೆ ಬಾರಿಸಿದರೂ ಅಷ್ಟು ತಾಗುತ್ತಿರಲಿಲ್ಲ ಅಂದುಕೊಂಡೆ.

ಪುಸ್ತಕ ಎರಡನೆಯ ಸಲ ಅಚ್ಚಾಗಿದೆ. ನಮ್ಮ ಕೋಣೆಯಲ್ಲಿ ಈಗ ಯಾರೂ ಸೇರುವುದಿಲ್ಲ. ಕೌದಿ ಚಿಕ್ಕಮ್ಮನ ಮಂಚದ ಮೇಲೆ ಅವನು ಮಡಚಿಟ್ಟ ಹಾಗೇ ಇದೆ.

ಮಗ ಭಾನುವಾರ ತಪ್ಪದೆ ಬರುತ್ತಾನೆ. ತಾಯಿಯನ್ನು ಬಿಟ್ಟನೆಂದು ಯಾರೂ ಅನ್ನುವಂತಿಲ್ಲ. ಹೋದ ವಾರ ನಾನೂ ಅಲ್ಲಿದ್ದೆ. ಸೋರುತ್ತಿದ್ದ ನಲ್ಲಿ ಸರಿಮಾಡಿದ, ಚಿಕ್ಕಮ್ಮ ಕೊಟ್ಟ ಕಾಫಿ ಕುಡಿದ, ಲೋಟ ಹಿಡಿದು ಎದ್ದ. ಅವಳು ಅಭ್ಯಾಸಬಲದಿಂದ ಕೈಚಾಚಿದಳು, "ಕೊಡೋ ಇಲ್ಲಿ, ನಾನು ತೊಳೀತೀನಿ."

"ಇರಲಿ ಅಮ್ಮ" ಅಂದ ಅವನು. "ನೀವು ಕೂತ್ಕೊಳ್ಳಿ."

ಚಿಕ್ಕಮ್ಮ ಕೂತಳು.