ಬೆರಣಿಯ ಹೊಗೆ ತೋರಿದ ಅಡಿಗೆಮನೆ

ಜಯನಗರದ ನಿವೇಶನವು ಜವಳಿ ವ್ಯಾಪಾರಿ ಮರುಳಸಿದ್ದಪ್ಪನವರ ಹೆಸರಿಗೆ ಆದದ್ದು ೧೯೫೬ನೆಯ ಇಸವಿ ಮೇ ೧೭, ಗುರುವಾರ. ಆದರೆ ಆ ಮನೆ ಯಾರದೆಂದು ಕೇಳಿದರೆ ಬೀದಿಯವರು ಇಂದಿಗೂ ಅವರ ಪತ್ನಿ ಕಮಲಾದೇವಿಯವರ ಹೆಸರನ್ನೇ ಹೇಳುತ್ತಾರೆ.

ಕಮಲಾದೇವಿ ತಿಪಟೂರಿನಿಂದ ಮದುವೆಯಾಗಿ ಬಂದದ್ದು ಪೇಟೆಯ ಕೂಡುಮನೆಗೆ. ಅಂಗಡಿಯ ಹಿಂಬದಿಯ ಆ ಮನೆಯಲ್ಲಿ ಬೀದಿಬಾಗಿಲೊಂದನ್ನು ಬಿಟ್ಟರೆ ಗಾಳಿಗೆ ದಾರಿಯಿರಲಿಲ್ಲ; ಒಲೆಯ ಹೊಗೆಯೂ ನಡುಮನೆಯಲ್ಲಿ ಎಲ್ಲರನ್ನೂ ಮಾತನಾಡಿಸಿಕೊಂಡೇ ಹೊರಗೆ ಹೋಗಬೇಕಾಗಿತ್ತು. ಮೂರನೆಯ ವರ್ಷಕ್ಕೆ ಅವರಿಗೆ ಉಸಿರು ಕಟ್ಟಿ ಕೆಮ್ಮುವ ಗೂರಲು ಹತ್ತಿತು. ಅಂದಿನಿಂದ ಹಬ್ಬಕ್ಕೆ ಹಾಲುಕ್ಕಿಸುವಾಗಲೆಲ್ಲ ವಾರಗಿತ್ತಿ ಜಯಶೀಲಾ ಪಾತ್ರೆಗೆ ಕೈಚಾಚಿ, "ಬಿಡು ತಾಯಿ, ನೀನು ಹೂವು ಕಟ್ಕೊಂಡಿರು," ಎನ್ನುವರು. ಅದರಲ್ಲಿ ಕರುಣೆಯೂ ಇತ್ತು, ಕೊಂಕೂ ಇತ್ತು. ಸ್ವಂತ ಮನೆಯಲ್ಲಾದರೂ ತನ್ನ ಒಲೆಯ ಮುಂದೆ ತಾನೇ ಕೂರಬೇಕೆಂಬುದು ಕಮಲಾದೇವಿಯವರ ಹಟವಾಯಿತು.

ಭಾವ ಶಂಭುಲಿಂಗಪ್ಪನವರ ಲೆಕ್ಕ ಬೇರೆ. ಬಯಲು ಬಿಡದೆ ಕಟ್ಟಿ, ಹಿಂದೆ ಎರಡು ಬಾಡಿಗೆ ಕೋಣೆ ಎಬ್ಬಿಸಬೇಕೆಂದರು. ಮರುಳಸಿದ್ದಪ್ಪನವರು ಅಣ್ಣನ ಮಾತಿಗೆ ತಲೆಯಾಡಿಸಿಯೂ ಬಿಟ್ಟಿದ್ದರು. ಗಾಳಿಯಾಡಲು ಜಾಗ ಬಿಡಬೇಕೆಂದು ಕಮಲಾದೇವಿ ಕೇಳಿದರು.

"ಗಾಳಿ ಏನಮ್ಮ ಬಾಡಿಗೆ ಕೊಡುತ್ತಾ?" ಎಂದು ಭಾವ ನಕ್ಕರು.

"ಡಾಕ್ಟರ ಮನೆಗೆ ಅಲೆಯೋದು ತಪ್ಪಿಸುತ್ತೆ, ಭಾವ," ಎಂದರು ಕಮಲಾದೇವಿ.

ಜುಲೈ ೧೫, ಭಾನುವಾರ, ಅಂಗಡಿಗೆ ರಜೆ. ಅವರು ಗಂಡನನ್ನು ಬಸ್ಸಿನಲ್ಲಿ ಕರೆದೊಯ್ದು, ಖಾಲಿ ನಿವೇಶನದ ಆಗ್ನೇಯ ಮೂಲೆಯಲ್ಲಿ, ಶಾಸ್ತ್ರವು ಅಡಿಗೆಮನೆಗೆಂದು ಹೇಳುವ ಜಾಗದಲ್ಲಿ, ಹಸಿ ಬೆರಣಿ ಹಚ್ಚಿಸಿದರು. ತಾವು ಮೂಗಿಗೆ ಸೆರಗು ಹಿಡಿದು ದೂರ ನಿಂತರು. ಆಷಾಢದ ಗಾಳಿ ಹೊಗೆಯನ್ನು ಮೂಡಲಿಗೆ ಎಳೆದೊಯ್ದಿತು. ಮೂಡಣ ಗೋಡೆಗೊಂದು ಕಿಟಕಿ ಇಟ್ಟರೆ ಮುಗಿಯಿತೆಂದರು ಗಂಡ. ಕಮಲಾದೇವಿ ಒಪ್ಪಲಿಲ್ಲ; ಚಳಿಗಾಲದ ಗಾಳಿಯನ್ನೂ ನೋಡಬೇಕೆಂದರು. ಡಿಸೆಂಬರ್ ೯, ಭಾನುವಾರ, ಅದೇ ಮೂಲೆಯಲ್ಲಿ ಮತ್ತೊಂದು ಬೆರಣಿ ಹೊತ್ತಿತು. ಈ ಸಲ ಹೊಗೆ ಪಡುವಲಿಗೆ ತಿರುಗಿ, ನಡುಮನೆ ಬರಬೇಕಾದ ಜಾಗದಲ್ಲಿ ನಿಂತಿದ್ದ ಮರುಳಸಿದ್ದಪ್ಪನವರ ಮುಖಕ್ಕೇ ಬಡಿಯಿತು. ಕಣ್ಣೊರೆಸಿಕೊಳ್ಳುತ್ತ ಅವರು ಕೇಳಿದರು:

"ಕೋಣೆ ಬೇಡ. ಏನು ಬೇಕು ಹೇಳು."

ಅಡಿಗೆಮನೆಗೂ ನಡುಮನೆಗೂ ನಡುವೆ ತೆರೆದ ಅಂಗಳ ಬಂತು. ಎದುರುಬದುರು ಕಿಟಕಿಗಳು, ಒಲೆಯ ನೇರಕ್ಕೆ ಎತ್ತರದ ಹೊಗೆಗೂಡು ಬಂದವು. ಬಾಡಿಗೆ ಕೋಣೆಗಳ ಜಾಗದಲ್ಲಿ ಬಿಸಿಲು ಬಂತು.

ಗೃಹಪ್ರವೇಶ ೧೯೫೮ನೆಯ ಏಪ್ರಿಲ್ ೨೮, ಸೋಮವಾರ ನಡೆಯಿತು. ಹಿಂದಿನ ಸಂಜೆಯ ಮಳೆಗೆ ಸೌದೆ ನೆನೆದಿತ್ತು. ನೆಂಟರೆಲ್ಲ ಅಂಗಳದಲ್ಲಿ ಸೇರುತ್ತಿದ್ದಂತೆ ಜಯಶೀಲಾ ಅಭ್ಯಾಸಬಲದಿಂದ ಪಾತ್ರೆಗೆ ಕೈಚಾಚಿದರು. ಕಮಲಾದೇವಿ ಕೊಡಲಿಲ್ಲ. ಒಲೆಯ ಮುಂದೆ ಕೂತು ಊದುಗೊಳವೆ ಎತ್ತಿಕೊಂಡರು. ಹೊಗೆ ದಟ್ಟವಾಗಿ ಎದ್ದಿತು. ಹೊಗೆ ಒಮ್ಮೆ ತಡವರಿಸಿ, ಗೂಡನ್ನು ಹುಡುಕಿಕೊಂಡು ನೆಟ್ಟಗೆ ಮೇಲೇರಿತು. ಉಳಿದದ್ದು ಕಿಟಕಿಯಿಂದ ಹೊರನಡೆಯಿತು. ಕಮಲಾದೇವಿ ಮತ್ತೆ ಊದಿದರು. ಕೆಮ್ಮು ಬರಲಿಲ್ಲ. ಹಾಲು ಮೂಡಣ ದಿಕ್ಕಿಗೆ ಉಕ್ಕಿ ಹರಿಯಿತು.

ಹೊಗೆ ಕಂಡೊಡನೆ ಕಣ್ಣೊರೆಸಲು ಸೆರಗೆತ್ತಿದ್ದ ಜಯಶೀಲಾ, ಒರೆಸುವುದಕ್ಕೆ ನೀರೇ ಇಲ್ಲದೆ ಅದನ್ನು ಹಾಗೇ ಹಿಡಿದುಕೊಂಡಿದ್ದರು.

"ಕಮಲಾ," ಎಂದರು ಮೆಲ್ಲಗೆ, "ಬನಶಂಕರಿ ಕಡೆ ನಾವೂ ಸೈಟು ನೋಡ್ತಿದೀವಿ. ನೀನೊಂದ್ಸಲ ಬಂದು ಬೆರಣಿ ಹಚ್ಚಿ ನೋಡ್ತೀಯಾ?"

"ಬರ್ತೀನಕ್ಕ. ಎರಡು ಸಲ ಬರಬೇಕಾಗುತ್ತೆ," ಎಂದರು ಕಮಲಾದೇವಿ, ಹಾಲಿನ ಪಾತ್ರೆಯನ್ನು ತಾವೇ ಕೆಳಗಿಳಿಸುತ್ತ.