ಹಗಲಿನ ವೋಲ್ಟೇಜ್

ನನ್ನ ಗಂಡ ಬಹಳ ಒಳ್ಳೆಯವರು ಎಂದು ಡೊಂಬಿವಲಿಯಲ್ಲಿರುವ ನಮ್ಮ ಕಡೆಯವರೆಲ್ಲ ಹೇಳುತ್ತಾರೆ. ಯಾರ ಮನಸ್ಸನ್ನೂ ನೋಯಿಸದವರು, ಯಾರಿಗೂ ಎದುರು ಮಾತಾಡದವರು. ಈ ಹೊಗಳಿಕೆ ಕಿವಿಗೆ ಬಿದ್ದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಯಾಕೆಂದು ತಿಳಿಯಬೇಕಾದರೆ ನಮ್ಮ ಮನೆಗೆ ಏಸಿ ಬಂದ ಬೇಸಿಗೆಯ ವಿಷಯ ಹೇಳಬೇಕು.

ಆ ವರ್ಷ ಏಪ್ರಿಲ್‌ನಲ್ಲಿ ನನಗೆ ಮಗಳು ಹುಟ್ಟಿದಳು. ಚೊಚ್ಚಲ ಹೆರಿಗೆಗೆ ಉಡುಪಿಯ ಹತ್ತಿರದ ತವರಿಗೆ ಹೋಗಬೇಕಿತ್ತು. ಬಿಪಿ ಏರಿದ್ದರಿಂದ ಡಾಕ್ಟರು ಪ್ರಯಾಣವೇ ಬೇಡವೆಂದರು. ಹಾಗಾಗಿ ಸಿಸೇರಿಯನ್ ಇಲ್ಲೇ ಆಯಿತು, ಬಾಣಂತನವೂ ಇಲ್ಲೇ, ಲಿಫ್ಟ್ ಇಲ್ಲದ ಕಟ್ಟಡದ ನಾಲ್ಕನೇ ಮಾಳಿಗೆಯಲ್ಲಿ. ಮೇಲೆ ಟೆರೇಸು, ಪಕ್ಕದಲ್ಲಿ ಪಡುವಣದ ಬಿಸಿಲು ಹೊಡೆಯುವ ಗೋಡೆ. ಬಾಣಂತನ ಮಾಡಲು ಊರಿನಿಂದ ಅತ್ತೆ ಬಂದರು.

ಅತ್ತೆಯ ಬಾಣಂತನದಲ್ಲಿ ಕುಂದು ಹುಡುಕುವ ಹಾಗಿರಲಿಲ್ಲ. ಎಣ್ಣೆ, ಹಂಡೆಯಷ್ಟು ಬಿಸಿನೀರು, ಸಾಂಬ್ರಾಣಿ ಹೊಗೆ, ಕಾಳುಮೆಣಸಿನ ಸಾರು, ಲೇಹ. ತಲೆಗೆ ಬಟ್ಟೆ ಬಿಗಿದು ಕಿವಿಗೆ ಹತ್ತಿ ತುರುಕುತ್ತಿದ್ದರು. ಫ್ಯಾನ್ ಒಂದನೇ ನಂಬರು ದಾಟಬಾರದು. ಊರಿನ ಮಣ್ಣಿನ ಗೋಡೆಯ ಕೋಣೆಯಲ್ಲಿ ಇದೆಲ್ಲ ಸರಿ ಇರಬಹುದು. ಟೆರೇಸಿನ ಕೆಳಗೆ ಮೇ ತಿಂಗಳಲ್ಲಿ ನಾನು ಬೆಂದೆ. ಹೊಟ್ಟೆಯ ಹೊಲಿಗೆ ಬೆವರಿನಲ್ಲಿ ನೆನೆದು ಒಂದು ಮೂಲೆಯಲ್ಲಿ ಒಸರತೊಡಗಿತು. ಮಗುವಿನ ಬೆನ್ನು, ಕುತ್ತಿಗೆ, ತೊಡೆಯ ಸಂದಿ ಎಲ್ಲ ಬೆವರುಸಾಲೆ. ಕೆಲವು ಕೀವು ತುಂಬಿದ ಗುಳ್ಳೆಗಳಾದವು. ಮಲಗಿಸಿದರೆ ಕಿರುಚುತ್ತಿದ್ದಳು. ಡಾಕ್ಟರು ಇಬ್ಬರನ್ನೂ ನೋಡಿ, ಮೊದಲು ಕೋಣೆ ತಂಪು ಮಾಡಿ, ಆಮೇಲೆ ಮುಲಾಮು ಎಂದರು.

ನಾನು ಏಸಿ ಬೇಕೆಂದೆ. ಅತ್ತೆ ನನ್ನ ಎದುರಿಗೇ ಬೇಡವೆಂದರು.

"ಬಾಣಂತಿಗೆ ಥಂಡಿ ಆಗ್ತದೆ. ಈಗ ಗಾಳಿ ಹೊಕ್ಕರೆ ಮತ್ತೆ ಜನ್ಮಪೂರ್ತಿ ಸೊಂಟ ಹಿಡಿತದೆ. ಇದು ನಾನು ಹೇಳುವುದಲ್ಲ, ಕಂಡದ್ದು."

"ಗುಳ್ಳೆ ಕೂಡ ಕಣ್ಣಿಗೆ ಕಾಣ್ತಾ ಉಂಟಲ್ಲ ಅತ್ತೆ," ಎಂದೆ.

ಗಂಡ ಬಾಗಿಲಲ್ಲಿ ನಿಂತು ಇಬ್ಬರ ಮಾತಿಗೂ ತಲೆಯಾಡಿಸಿದರು. ವಾರದೊಳಗೆ ಏಸಿ ಬಂತು. ನಾನು ಗೆದ್ದೆನೆಂದುಕೊಂಡೆ. ಅತ್ತೆ ಮುಖ ಊದಿಸಿಕೊಂಡು ಅಡುಗೆಮನೆ ಸೇರಿದರು.

ನಮ್ಮ ಫ್ಲ್ಯಾಟಿನ ವೈರು ಹಳೆಯದು, ಏಸಿಯ ಭಾರ ತಡೆಯದು ಎಂದು ಅದಕ್ಕೆ ಕೆಳಗಿನ ಮೀಟರ್ ರೂಮಿನಿಂದ ಬೇರೆಯೇ ಲೈನು ಎಳೆದರು. ಸಂಜೆ ಹಚ್ಚಿದರೆ ಬೆಳಗಿನವರೆಗೂ ಚೆನ್ನಾಗಿ ನಡೆಯಿತು. ಮಗಳು ಹುಟ್ಟಿದ ಮೇಲೆ ಮೊದಲ ಸಲ ನಿದ್ದೆ ಮಾಡಿದಳು. ಮರುದಿನ ಗಂಡ ಆಫೀಸಿಗೆ ಹೊರಟು ಸ್ವಲ್ಪ ಹೊತ್ತಿಗೆ ಏಸಿ ಸುಮ್ಮನಾಯಿತು. ರಿಮೋಟು ಒತ್ತಿದರೆ ಟಿಣ್ ಎನ್ನಲಿಲ್ಲ, ದೀಪವೂ ಇಲ್ಲ. ಇಡೀ ಹಗಲು ಸತ್ತ ಹಾಗಿತ್ತು. ಸಂಜೆ ತಾನಾಗಿಯೇ ಟಿಣ್ ಎಂದಿತು. ಹಿಂದೆಯೇ ಗಂಡನೂ ಬಂದರು.

"ಹಗಲು ವೋಲ್ಟೇಜ್ ಇಳೀತದೆ ಇಲ್ಲಿ," ಎಂದರು. "ಎಂಐಡಿಸಿ ಏರಿಯಾದ ಕಾರ್ಖಾನೆಗಳೆಲ್ಲ ಕರೆಂಟ್ ಎಳೀತಾವಲ್ಲ."

ನಂಬದಿರಲು ಕಾರಣವೇ ಇರಲಿಲ್ಲ. ವರ್ಷಗಟ್ಟಲೆ ಲೋಡ್ ಶೆಡ್ಡಿಂಗ್ ತಿಂದ ಊರು ಇದು. ಕರೆಂಟಿನ ಮೇಲೆ ಯಾವ ಅಪವಾದ ಹೊರಿಸಿದರೂ ಡೊಂಬಿವಲಿ, ಕಲ್ಯಾಣದವರು ಸಾಕ್ಷಿ ಕೇಳುವುದಿಲ್ಲ.

ಆಮೇಲೆ ನಡೆದ ರಿಪೇರಿಯ ಸಂಭ್ರಮ ನೆನೆದರೆ ಈಗಲೂ ಹಲ್ಲು ಕಡಿಯುವ ಹಾಗಾಗುತ್ತದೆ. ಗಂಡಸು ಮನೆಯಲ್ಲಿರುವಾಗಲೇ ಮೆಕ್ಯಾನಿಕ್ ಬರಲಿ ಎಂದು ಗಂಡ ಭಾನುವಾರ ಕರೆಸಿದರು. ಭಾನುವಾರ ಏಸಿ ಹಗಲೂ ನಡೆಯುತ್ತಿತ್ತು. ಆ ದಿನ ಕಾರ್ಖಾನೆಗೆ ರಜೆಯಲ್ಲವೇ ಎಂದು ಗಂಡನ ಬಳಿ ಅದಕ್ಕೂ ಉತ್ತರ ತಯಾರಿತ್ತು. ಮೆಕ್ಯಾನಿಕ್ ನಾಲ್ಕು ಮಾಳಿಗೆ ಹತ್ತಿ ಬಂದು, ವೈರಿಗೆ ಮೀಟರಿನ ಚಿಮಟ ಕಚ್ಚಿಸಿ, "ಸಬ್ ಬರಾಬರ್ ಹೈ," ಎಂದ. ಬರಿಗೈಯಲ್ಲಿ ಹೋಗಬಾರದೆಂದೋ ಏನೋ ಒಂದು ಕೆಪಾಸಿಟರ್ ಬದಲಾಯಿಸಿದ. ಸೋಮವಾರ ಏಸಿ ಮತ್ತೆ ಸತ್ತಿತು. ಮುಂದಿನ ಭಾನುವಾರ ಎಲೆಕ್ಟ್ರಿಷಿಯನ್ ಬಂದು ಸಾಕೆಟ್ ಕಿತ್ತು ಹೊಸದು ಕೂರಿಸಿದ. ಗೋಡೆಯ ಧೂಳು ಮಗುವಿನ ಹಾಸಿಗೆಯ ಮೇಲೆಲ್ಲ ಬಿತ್ತು. ಆಮೇಲೆ ಸ್ಟೆಬಿಲೈಜರ್ ಬಂತು, ಕೆಂಪು ಅಂಕಿಯಲ್ಲಿ ವೋಲ್ಟೇಜ್ ತೋರಿಸುವಂಥದ್ದು. ಹಗಲು ಅದರಲ್ಲಿ ಅಂಕಿಯೇ ಇಲ್ಲ.

"ವೋಲ್ಟೇಜ್ ಕಮ್ಮಿ ಆದರೆ ಕಮ್ಮಿ ಅಂತ ತೋರಿಸಬೇಕಲ್ಲ, ಪೂರಾ ಆರಿಹೋಗುವುದು ಎಂತ?" ಎಂದು ಕೇಳಿದೆ.

"ತೀರಾ ಇಳಿದರೆ ಹಾಗೇ. ಸೇಫ್ಟಿ ಅದು," ಎಂದರು ಗಂಡ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ ಎನ್ನುತ್ತಾರೆ. ನಮ್ಮಲ್ಲಿ ಎಮ್ಮೆಗೂ ಜ್ವರ ಇರಲಿಲ್ಲ, ಎತ್ತಿಗೂ ಇರಲಿಲ್ಲ. ಬರೆ ಮಾತ್ರ ಎಳೆಯುತ್ತಲೇ ಇದ್ದರು.

ಹಗಲಿಡೀ ಅತ್ತೆ ಮಗುವಿನ ಪಕ್ಕ ಕೂತು ಬೀಸಣಿಗೆಯಿಂದ ಗಾಳಿ ಹಾಕುತ್ತಿದ್ದರು. ತೋಳು ಸೋತರೆ ಕೈ ಬದಲಿಸುತ್ತಿದ್ದರು. ಏಸಿ ಕೆಟ್ಟದ್ದಕ್ಕೆ ಅವರಿಗೆ ಒಳಗೊಳಗೇ ಖುಷಿಯಿರಬೇಕು ಎಂದು ನಾನು ಅವರನ್ನು ಗುಮಾನಿಯಿಂದ ನೋಡುತ್ತಿದ್ದೆ. ಒಂದು ಮಧ್ಯಾಹ್ನ ಅವರು ಲೇಹಕ್ಕೆಂದು ಒಣಶುಂಠಿ, ಹಿಪ್ಪಲಿಯನ್ನು ಮಿಕ್ಸರಿಗೆ ಹಾಕಿ ತಿರುಗಿಸಿದರು. ಮಿಕ್ಸರು ಮನೆ ನಡುಗುವ ಹಾಗೆ ತಿರುಗಿತು. ವೋಲ್ಟೇಜೇ ಇಲ್ಲದ ಹೊತ್ತಿನಲ್ಲಿ ಇದಕ್ಕೆ ಇಷ್ಟು ಬಲ ಎಲ್ಲಿಂದ ಬಂತೆಂದು ಅನ್ನಿಸಿತು. ಅಷ್ಟರಲ್ಲಿ ಮಗಳು ಅತ್ತಳು, ಯೋಚನೆ ಅಲ್ಲಿಗೇ ನಿಂತಿತು.

ವಿಷಯ ಬಯಲಾದದ್ದು ರೈಲಿನಿಂದ. ಗಂಡನ ಆಫೀಸು ನವಿ ಮುಂಬಯಿಯ ಐರೋಲಿಯಲ್ಲಿ. ಸಂಜೆ ರೈಲಿನಲ್ಲಿ ಠಾಣೆಗೆ ಬಂದು ಅಲ್ಲಿ ಗಾಡಿ ಬದಲಿಸಬೇಕು. ಒಂದು ದಿನ ದಾರಿಯ ದಿವಾ ಸ್ಟೇಷನ್ನಿನ ಹತ್ತಿರ ಸಿಗ್ನಲ್ ಕೆಟ್ಟು ಲೋಕಲ್‌ಗಳೆಲ್ಲ ನಿಂತವು. ತಡವಾಗುತ್ತದೆ ಎಂದು ಅವರು ಫೋನು ಮಾಡಿದರು. ಸಾಮಾನ್ಯವಾಗಿ ದೀಪ ಹಚ್ಚುವ ಹೊತ್ತಿಗೆ ಏಸಿಗೆ ಜೀವ ಬರುತ್ತಿತ್ತು. ಆ ದಿನ ಅತ್ತೆ ದೇವರಿಗೆ ದೀಪ ಹಚ್ಚಿ, ಅನ್ನ ಬಸಿದು, ನನಗೆ ಊಟ ಬಡಿಸಿದರು. ಏಸಿ ಟಿಣ್ ಎನ್ನಲಿಲ್ಲ. ಕಾರ್ಖಾನೆಗಳೂ ದಿವಾದಲ್ಲಿ ಸಿಕ್ಕಿಕೊಂಡಿವೆಯೇ ಎಂದು ಯೋಚಿಸುತ್ತಿದ್ದಂತೆ ಟಿಣ್ ಎಂದಿತು. ನಾನು ಬಾಗಿಲಿನ ಕಡೆ ನೋಡುತ್ತ ಕೂತೆ. ಒಬ್ಬ ಮನುಷ್ಯ ನಾಲ್ಕು ಮಾಳಿಗೆ ಹತ್ತಲು ಎಷ್ಟು ಹೊತ್ತು ಬೇಕೋ ಅಷ್ಟೇ ಹೊತ್ತಾಯಿತು. ಬೆಲ್ ಆಯಿತು.

ಆ ರಾತ್ರಿ ನಾನು ಏನೂ ಕೇಳಲಿಲ್ಲ. ಕೇಳಿದರೆ ವೋಲ್ಟೇಜಿನ ಮತ್ತೊಂದು ಪಾಠ ಸಿಗುತ್ತಿತ್ತು.

ಬೆಳಿಗ್ಗೆ ಅವರು ಹೊರಟರು. ಏಸಿ ಆರಿತು. ಅತ್ತೆ ಬಚ್ಚಲಿನ ನೀರು ಕಾಯಿಸುತ್ತಿದ್ದರು. ಬಾಣಂತಿ ಹೊಸ್ತಿಲು ದಾಟಬಾರದು. ನಾನು ತಲೆಯ ಬಟ್ಟೆ, ಕಿವಿಯ ಹತ್ತಿ ಸಮೇತ ಹೊಟ್ಟೆ ಹಿಡಿದುಕೊಂಡು, ಗೋಡೆಗೆ ಒರಗುತ್ತ ಇಳಿದೆ. ಮೀಟರ್ ರೂಮು ಮೆಟ್ಟಿಲಿನ ಕೆಳಗೆ. ನಮ್ಮ ಏಸಿಗೆ ಹಾಕಿದ್ದು ಕಬ್ಬಿಣದ ಪೆಟ್ಟಿಗೆಯ ಹಳೇ ತರಹದ ಮೇನ್ ಸ್ವಿಚ್ಚು, ಪಕ್ಕದಲ್ಲಿ ಹಿಡಿಕೆ. ಎತ್ತಿದರೆ ಚಾಲು, ಇಳಿಸಿದರೆ ಬಂದ್. ವೋಲ್ಟೇಜ್ ಇಳಿದರೂ ಏರಿದರೂ ಅದು ತಾನಾಗಿ ಬೀಳುವ ಜಾತಿಯದಲ್ಲ. ಯಾರಾದರೂ ಕೈಹಾಕಿಯೇ ಎಳೆಯಬೇಕು. ಹಿಡಿಕೆ ಕೆಳಗಿತ್ತು.

ಕಟ್ಟಡದ ವಾಚ್‌ಮನ್ ಕುರ್ಚಿಯಿಂದ ಎದ್ದು ಬಂದ. "ಸಾಬ್ ತೋ ರೋಜ್ ಬಂದ್ ಕರ್‌ಕೇ ಜಾತೇ ಹೈ," ಎಂದ. ಸಾಹೇಬರು ದಿನಾ ಬಂದ್ ಮಾಡಿ ಹೋಗುವುದು ನನಗೆ ಗೊತ್ತಿರುತ್ತದೆ ಎಂದು ಅವನು ತಿಳಿದುಕೊಂಡಿದ್ದನಂತೆ.

ನನಗೆ ಅಳು ಬರಲಿಲ್ಲ. ಸಿಟ್ಟು ಬಂತು. ಹಿಡಿಕೆಯನ್ನು ಎತ್ತಿ, ಪ್ರತಿ ಮಾಳಿಗೆಯಲ್ಲೂ ಕೂತು ಸುಧಾರಿಸಿಕೊಂಡು ಮೇಲೆ ಬಂದೆ. ಬಾಗಿಲಲ್ಲಿ ನಿಂತಿದ್ದ ಅತ್ತೆ ಬೈಯಲು ಬಾಯಿ ತೆರೆದವರು ನನ್ನ ಮುಖ ನೋಡಿ, ತೋಳು ಹಿಡಿದು ಒಳಗೆ ಕರೆದೊಯ್ದರು. ಎಲ್ಲವನ್ನೂ ಹೇಳಿದೆ. ಅವರ ಮಾತು ಕೇಳಿಯೇ ಅವರ ಮಗ ಹೀಗೆ ಮಾಡಿದ್ದೆಂದು ಮುಖದ ಮೇಲೆ ಅಂದೂಬಿಟ್ಟೆ. ಅತ್ತೆ ಕೈಯಲ್ಲಿದ್ದ ಬೀಸಣಿಗೆಯನ್ನೊಮ್ಮೆ ನೋಡಿದರು. ಏಸಿ ನಡೆಯುತ್ತಿದ್ದ ಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡು ಮಗುವಿನ ಪಕ್ಕ ಕೂತರು.

ಸಂಜೆ ಗಂಡ ಬಂದರು. ಮೀಟರ್ ರೂಮಿನಲ್ಲಿ ಹಿಡಿಕೆ ಮೇಲಕ್ಕಿದ್ದದ್ದನ್ನು ಕಂಡೇ ಬಂದಿರಬೇಕು. ಆದರೂ ಬೂಟು ಬಿಚ್ಚುತ್ತ, "ಇವತ್ತು ವೋಲ್ಟೇಜ್ ಸರಿ ಇತ್ತಾ?" ಎಂದು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಮಾತಾಡಿದರು. "ನಾನು ಬೇಡ ಹೇಳಿದ್ದು ಹೌದು. ಇವಳ ಎದುರೇ ಹೇಳಿದ್ದೇನೆ. ಇವಳು ಬೇಕು ಹೇಳಿದ್ದು ನನ್ನ ಎದುರೇ. ನೀನು ಎಂತ ಹೇಳಿದ್ದು ಮಾರಾಯ?"

ಅವರು ಒಂದು ಬೂಟು ಕೈಯಲ್ಲಿ ಹಿಡಿದು ನಿಂತರು. ಕೊನೆಗೆ, "ಯಾರಿಗೂ ಬೇಜಾರಾಗಬಾರದು ಅಂತ," ಎಂದರು. ರಾತ್ರಿ ನನಗೆ ಏಸಿ, ಹಗಲು ಅವರ ಅಮ್ಮನ ಮಾತಿಗೆ ಗೌರವ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ನಾನು ಮಗಳನ್ನು ಬೋರಲು ಮಾಡಿ ಅಂಗಿ ಎತ್ತಿದೆ. ಬೆನ್ನು ತುಂಬ ಒಡೆದ ಗುಳ್ಳೆಗಳ ಗುರುತು.

"ಇವಳಿಗೆ ಆದದ್ದು ಎಂತ?" ಎಂದು ಕೇಳಿದೆ.

ಅವರು ಕೈಯಲ್ಲಿದ್ದ ಬೂಟು ಕೆಳಗಿಟ್ಟು, "ಹಾಗಾದರೆ ಭಾನುವಾರ ಮೆಕ್ಯಾನಿಕ್ ಬರುವುದು ಬೇಡ ಅಲ್ವಾ?" ಎಂದರು. ಏಸಿಯ ಒಳಗಿನ ಸರ್ಕ್ಯೂಟ್ ಬೋರ್ಡು ಬದಲಾಯಿಸಲು ಅವನಿಗೆ ಆಗಲೇ ಹೇಳಿಟ್ಟಿದ್ದರು.

"ಬರಲಿ," ಎಂದರು ಅತ್ತೆ. "ಎಲ್ಲಿ ಕೆಟ್ಟಿತ್ತು ಅಂತ ಅವನಿಗೆ ನೀನೇ ಹೇಳು."

ಏಸಿಯ ಬಗ್ಗೆ ಅತ್ತೆಯ ಅಭಿಪ್ರಾಯವೇನೂ ಬದಲಾಗಲಿಲ್ಲ. ನನ್ನ ಕಿವಿಗೆ ಇನ್ನಷ್ಟು ಹತ್ತಿ ತುರುಕಿದರು, ಕಾಲಿಗೆ ಉಲ್ಲನ್ ಸಾಕ್ಸ್ ಹಾಕಿಸಿದರು. ಆದರೆ ಹಗಲು ಏಸಿ ಆರಲಿಲ್ಲ. ಆ ವಾರದಲ್ಲೇ ಮಗಳ ಗುಳ್ಳೆಗಳು ಒಣಗಿ ಸಿಪ್ಪೆ ಎದ್ದವು. ನನ್ನ ಹೊಲಿಗೆ ಒಸರುವುದು ನಿಂತಿತು. ಕಣ್ಣಿಗೆ ಕಾಣುವಷ್ಟು ಬೇಗ ವಾಸಿಯಾದದ್ದನ್ನು ನೋಡಿ ನನ್ನ ಸಿಟ್ಟು ಇಳಿಯುವ ಬದಲು ಏರಿತು. ಇಷ್ಟು ಸುಲಭವಿದ್ದದ್ದನ್ನು ಇಷ್ಟು ದಿನ ಅನುಭವಿಸಿದೆವಲ್ಲ.

ಭಾನುವಾರ ಮೆಕ್ಯಾನಿಕ್ ಬಂದ. ಏದುಸಿರು ಬಿಡುತ್ತ ಚೀಲ ಕೆಳಗಿಟ್ಟ. ನನ್ನ ಗಂಡ ಬಹಳ ವಿನಯದಿಂದ ಅವನಿಗೆ ಹೇಳಿದರು: "ಸಾರಿ ಭಾಯ್, ನೀಚೇ ಲೂಜ್ ಕನೆಕ್ಷನ್ ಥಾ. ಠೀಕ್ ಹೋ ಗಯಾ."

ಕೆಳಗೆ ವೈರು ಸಡಿಲವಾಗಿತ್ತಂತೆ, ಈಗ ಸರಿಹೋಯಿತಂತೆ. ನಾನು ಒಳಗಿನಿಂದ ಎಲ್ಲವನ್ನೂ ಕೇಳುತ್ತಿದ್ದೆ. ಬಾಣಂತಿ ಹೊರಗಿನ ಗಂಡಸಿನ ಎದುರು ಬರಬಾರದು, ಗಂಡನ ಮರ್ಯಾದೆಯನ್ನು ಪರರ ಎದುರು ತೆಗೆಯಬಾರದು ಎನ್ನುವುದೆಲ್ಲ ನನಗೆ ಗೊತ್ತಿತ್ತು. ಮಗಳನ್ನು ಎತ್ತಿಕೊಂಡು ಹಾಲಿಗೆ ಬಂದೆ.

"ಲೂಜ್ ನಹೀ ಥಾ," ಎಂದೆ. "ಸಾಬ್ ಬಂದ್ ಕರ್ತೇ ಥೇ."

ಮೆಕ್ಯಾನಿಕ್ ನನ್ನನ್ನು ನೋಡಿದ, ಅವರನ್ನು ನೋಡಿದ, ಚೀಲ ಹೆಗಲಿಗೆ ಹಾಕಿಕೊಂಡ. ಅತ್ತೆ ಅಡುಗೆಮನೆಯಿಂದ ಬಂದು, ಕೂತು ಚಹಾ ಕುಡಿದು ಹೋಗಬೇಕು ಎಂದು ಅವನಿಗೆ ಕನ್ನಡದಲ್ಲೇ ಹೇಳಿದರು. ಅವನು ಕೂತ. ನನ್ನ ಗಂಡ ನಿಂತೇ ಇದ್ದರು.